ಅಳಿವೆಯ ಕೆಸರನ್ನೂ ಅಳೆಯಿರಿ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ,



ಕರಾವಳಿಯ ನೀರನ್ನು ನಮ್ಮ ದೇಶದ ನಿಯಮ ಐದು ದರ್ಜೆಗಳಾಗಿ ವಿಂಗಡಿಸಿದೆ. ಮೊದಲನೆಯದು ಎಸ್‌ಡಬ್ಲ್ಯು-1. ಉಪ್ಪಿನಾಗರ, ಚಿಪ್ಪುಮೀನು ಹಿಡಿಯುವ ಜಾಗ, ಸೂಕ್ಷ್ಮ ಜೀವಿವಲಯಗಳು ಇದರಡಿ ಬರುತ್ತವೆ. ಇಲ್ಲಿಯೂ ನೀರಿನ ಪಿಎಚ್ 6.5ರಿಂದ 8.5ರ ಒಳಗಿದ್ದರೆ ಸಾಕು. ಪಿಎಚ್ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಈ ಮಿತಿಯ ಎರಡು ಅಂಕದ ಅಂತರಕ್ಕೆ ನೂರು ಪಟ್ಟು. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಜಗತ್ತಿನ ಕಡಲ ಮೇಲ್ಪದರದ ಸರಾಸರಿ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇಂಗಾಲದ ಹೊಗೆ ಹೀಗೇ ಏರುತ್ತ ಹೋದರೆ ಶತಮಾನದ ಕೊನೆಗೆ ಇನ್ನೂ 0.3ರಷ್ಟು ಇಳಿಯಬಹುದು. ಆಗಲೂ ನೀರು ಕ್ಷಾರೀಯವಾಗಿಯೇ ಇರುತ್ತದೆ, ನಿಮ್ಮ ವರದಿಯಲ್ಲಿ ತೊಂದರೆಯಿಲ್ಲದೆ ಪಾಸಾಗುತ್ತದೆ. ನನ್ನ ಚಿಂತೆ ಆ ನೀರಿನ ತಳದಲ್ಲಿರುವ ಕೆಸರಿನದು.

ನೇತ್ರಾವತಿ ಮತ್ತು ಫಲ್ಗುಣಿ ಕೂಡಿ ಕಡಲು ಸೇರುವ ಮಂಗಳೂರಿನ ಅಳಿವೆಯನ್ನೇ ನೋಡಿ. ಊರಿನ ಕೊಳಚೆ ಇತ್ತ ಹರಿಯುತ್ತದೆ. ಬೈಕಂಪಾಡಿಯ ಕಾರ್ಖಾನೆಗಳು ಫಲ್ಗುಣಿಯ ಮಗ್ಗುಲಲ್ಲೇ ಇವೆ. ದಕ್ಕೆಯಲ್ಲಿ ನಿಲ್ಲುವ ಬೋಟುಗಳಿವೆ. ಅವುಗಳ ತಳಕ್ಕೆ ಪಾಚಿ, ಚಿಪ್ಪು ಅಂಟದಿರಲೆಂದು ಬಳಿಯುವ ಬಣ್ಣದಲ್ಲಿ ತಾಮ್ರವಿರುತ್ತದೆ, ತುಕ್ಕು ತಡೆಯಲು ಕಟ್ಟುವ ಗಟ್ಟಿಗಳಲ್ಲಿ ಸತುವು. ಹೀಗೆ ಬಂದ ಲೋಹದ ಬಹುಪಾಲು ನೀರಿನಲ್ಲಿ ಉಳಿಯುವುದಿಲ್ಲ, ಕೆಸರಿಗೆ ಅಂಟಿ ಕೂರುತ್ತದೆ. ಒಂದಿಷ್ಟು ಸುಣ್ಣದಂಶದೊಡನೆ, ಒಂದಿಷ್ಟು ಕಬ್ಬಿಣ, ಮ್ಯಾಂಗನೀಸುಗಳ ಆಕ್ಸೈಡಿನ ಮೇಲೆ, ಇನ್ನೊಂದಿಷ್ಟು ಕೊಳೆತ ಎಲೆಕಡ್ಡಿಯೊಡನೆ. ಗಾಳಿಯಾಡದ ಆಳದ ಕಪ್ಪು ಕೆಸರಿನಲ್ಲಿ ಗಂಧಕದೊಡನೆ ಸೇರಿ ಸಲ್ಫೈಡ್ ಆಗಿರುತ್ತದೆ.

ಈ ಹಿಡಿತ ಶಾಶ್ವತವಲ್ಲ. ತಾಮ್ರದ ಚೊಂಬಿಗೆ ಹುಣಸೆಹುಳಿ ಹಚ್ಚಿ ತಿಕ್ಕಿದಾಗ ಕಿಲುಬು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಕಡಲಿನಲ್ಲಿ ಅಷ್ಟು ಹುಳಿಯಿಲ್ಲ, ಆದರೆ ಅದೇ ರಸಾಯನ ನಿಧಾನವಾಗಿ ನಡೆಯುತ್ತದೆ. ಆಮ್ಲತೆ ಏರಿದಂತೆ ಸುಣ್ಣದಂಶ ಕರಗುತ್ತದೆ, ಆಕ್ಸೈಡಿಗೆ ಅಂಟಿದ ಲೋಹ ಸಡಿಲವಾಗುತ್ತದೆ. ನೀರಿನಲ್ಲಿ ಕಾರ್ಬೋನೇಟ್ ಕಡಿಮೆಯಾದಷ್ಟೂ ತಾಮ್ರ ಬಂಧನವಿಲ್ಲದೆ ಬಿಡಿಯಾಗಿ ಉಳಿಯುತ್ತದೆ. ಜೀವಿಗಳಿಗೆ ಹೆಚ್ಚು ವಿಷವಾಗುವುದು ಈ ಬಿಡಿ ತಾಮ್ರವೇ. ಎಲ್ಲ ಲೋಹಗಳೂ ಹೀಗಲ್ಲ. ಕ್ಯಾಡ್ಮಿಯಂ ಉಪ್ಪುನೀರಿನ ಕ್ಲೋರೈಡಿನೊಡನೆ ಕೂಡಿಕೊಂಡಿರುವುದರಿಂದ ಅದರ ರೂಪ ಪಿಎಚ್‌ಗೆ ಅಷ್ಟಾಗಿ ಬದಲಾಗದು. ಆದರೂ ಮಲಿನ ಕೆಸರಿನಲ್ಲಿ ಬದುಕುವ ಸಿಗಡಿಯನ್ನು ಹೋಲುವ ಪುಟ್ಟ ಜೀವಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೀರಿನ ಆಮ್ಲತೆ ಏರಿದಾಗ ಅದೇ ಕೆಸರು ಅವುಗಳ ಡಿಎನ್‌ಎಗೆ ಹೆಚ್ಚು ಹಾನಿ ಮಾಡಿತೆಂದು ತೋರಿಸಿದೆ. ಆ ಪ್ರಯೋಗದ ನೀರಿನ ಪಿಎಚ್ ನಮ್ಮ 6.5ರ ಮಿತಿಗಿಂತ ಬಹಳ ಮೇಲೇ ಇತ್ತು.

ನಮ್ಮ ಪಶ್ಚಿಮ ಕರಾವಳಿಗೆ ಇದು ಶತಮಾನದ ಕೊನೆಯ ಮಾತೇನೂ ಅಲ್ಲ. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ದಡದತ್ತ ಉಕ್ಕಿ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು, ಪಿಎಚ್ ಕೆಳಗೆ. ಅದೇ ಹೊತ್ತಿಗೆ ಹೊಳೆಗಳ ಸಿಹಿನೀರು ಅಳಿವೆ ತುಂಬಿ ಪಿಎಚ್ಚನ್ನು ಇನ್ನಷ್ಟು ತಗ್ಗಿಸುತ್ತದೆ. ಕೆಸರಿನ ಹಿಡಿತ ಸಡಿಲವಾಗಬಹುದಾದ ತಿಂಗಳುಗಳಿವು. ಬೇಸಿಗೆಯಲ್ಲಿ ಎತ್ತಿದ ಮಾದರಿ ಈ ತಿಂಗಳುಗಳ ಕಥೆ ಹೇಳಲಾರದು.

ಕೆಸರಿಗೆ ರಕ್ಷಣೆ ಒಂದಿದೆ, ಸತ್ತ ಚಿಪ್ಪು. ಕರಗುತ್ತ ಅದು ಆಮ್ಲವನ್ನು ನುಂಗುತ್ತದೆ. ಅಮೆರಿಕದ ಮೇನ್ ಕರಾವಳಿಯ ಕೆಸರುಬಯಲುಗಳಿಗೆ ಚಿಪ್ಪಿನ ಪುಡಿ ಸೇರಿಸಿದಾಗ ಎಳೆಯ ಚಿಪ್ಪುಮೀನುಗಳು ಹೆಚ್ಚು ನೆಲೆಸಿದವು. ನಾವಾದರೋ ಕುಮಟೆಯ ಅಘನಾಶಿನಿ ಅಳಿವೆಯಿಂದ ವರ್ಷಾನುಗಟ್ಟಲೆ ಸುಣ್ಣಕ್ಕೆಂದು ಚಿಪ್ಪು ಅಗೆದೆವು. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಎಂದು ರಾಮ್ಸರ್ ತಾಣವಾಯಿತು, ಸಂತೋಷ. ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವ ಅಲ್ಲಿನ ಹೆಂಗಸರಿಗಾಗಿ ಚಿಪ್ಪಿನ ಪದರವನ್ನೂ ಆ ಜೌಗಿನ ಅಂಗವೆಂದೇ ಕಾಪಾಡಬೇಕು.

ಬಂದರಿನ ಹೂಳೆತ್ತುವಿಕೆಯ ಬಗ್ಗೆ ನನಗೆ ಸಿಟ್ಟೇ ಇದೆ. ಆಳದ ಕಪ್ಪು ಕೆಸರನ್ನು ಮೇಲೆತ್ತಿದ ಕ್ಷಣದಿಂದ ಸಲ್ಫೈಡಿಗೆ ಆಮ್ಲಜನಕ ತಾಗುತ್ತದೆ. ಆಗ ಆಮ್ಲವೂ ಹುಟ್ಟುತ್ತದೆ, ಹಿಡಿದಿಟ್ಟ ಲೋಹವೂ ಬಿಡುಗಡೆಯಾಗುತ್ತದೆ. ಬಂದರಿಗೆ ಕಾಲುವೆ ಬೇಕು, ಒಪ್ಪುತ್ತೇನೆ. ಆದರೆ ಎತ್ತುವ ಮುನ್ನ ಆ ಕೆಸರಿನಲ್ಲಿ ಏನಿದೆ, ಎಷ್ಟು ಸಡಿಲವಾಗಿ ಕೂತಿದೆ ಎಂದು ತಿಳಿಯದೆ ಅದನ್ನು ಕಡಲಿಗೆ ಸುರಿಯುವುದು ಮೀನುಗಾರರಿಗೆ ಮಾಡುವ ಅನ್ಯಾಯ.

ಪಿಎಚ್ ಮಿತಿ ಬದಲಿಸುವುದು ಕೇಂದ್ರದ ಕೆಲಸ. ಅದಕ್ಕಾಗಿ ಮಂಡಳಿ ಬರೆಯಲಿ. ಅಳೆಯುವುದಂತೂ ನಿಮ್ಮ ಕೈಯಲ್ಲೇ ಇದೆ. ಕೆಸರಿನಲ್ಲಿರುವ ಒಟ್ಟು ತಾಮ್ರ, ಸತು, ಸೀಸದ ಲೆಕ್ಕದ ಜೊತೆಗೆ, ದುರ್ಬಲ ಆಮ್ಲಕ್ಕೇ ಕರಗಿ ಬರುವ ಪಾಲನ್ನು ಬೇರೆಯಾಗಿ ಪರೀಕ್ಷಿಸಿ. ಕೆಸರಿನ ಕಣಗಳ ನಡುವಿನ ನೀರಿನ ಪಿಎಚ್, ಆಮ್ಲಜನಕ ದಾಖಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾದರಿ ತೆಗೆಯಿರಿ. ಮರುವಾಯಿ ಎಂಬ ಚಿಪ್ಪುಮೀನಿನ ಮಾಂಸದಲ್ಲಿ ಲೋಹ ಎಷ್ಟಿದೆ ಎಂಬುದನ್ನೂ ನೋಡಿ, ಏಕೆಂದರೆ ಕೆಸರಿನ ಸುದ್ದಿ ನಮ್ಮ ಊಟದ ತಟ್ಟೆಗೆ ಬರುವುದು ಅದರ ಮೂಲಕ. ಬಂದ ಅಂಕಿಗಳನ್ನು ಕನ್ನಡದಲ್ಲಿ, ದಕ್ಕೆಯ ಗೋಡೆಯ ಮೇಲೆ ಹಾಕಿಸಿ. ಮೊದಲ ಮಾದರಿಗಳನ್ನು ಬರುವ ಮಳೆಗಾಲದಲ್ಲೇ ತೆಗೆಯಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮಂಗಳೂರಿನ ಒಬ್ಬ ನಾಗರಿಕ