ಆಸ್ಪತ್ರೆಯ ಬಿಲ್ಲು, ಮನೆಯ ಚಿನ್ನ

ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದೊಡನೆ ನಮ್ಮ ಕುಟುಂಬಗಳು ಹಣ ಹೊಂದಿಸುವ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ಕೈಯಲ್ಲಿದ್ದ ಉಳಿತಾಯ, ಬಳಿಕ ಸೊಸೈಟಿಯಲ್ಲಿ ಅಡವಿಡುವ ಚಿನ್ನ, ಅನಂತರ ಪರವೂರಿನ ಮಕ್ಕಳಿಗೆ ಫೋನು, ಕೊನೆಗೆ ಬಡ್ಡಿಯ ಸಾಲ. ರೋಗಿ ಗುಣಮುಖನಾಗಿ ಮರಳಿದರೂ ಸಾಲದ ಶೂಲ ವರ್ಷಗಟ್ಟಲೆ ಚುಚ್ಚುತ್ತಿರುತ್ತದೆ.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇಕಡಾ 64.2 ಭಾಗವನ್ನು ಜನರೇ ಸ್ವಂತ ಜೇಬಿನಿಂದ ತೆತ್ತಿದ್ದರು. 2021-22ರಲ್ಲಿ ಅದು ಶೇಕಡಾ 39.4ಕ್ಕೆ ಇಳಿಯಿತು. ಇದು ಸಂತೋಷದ ವಿಷಯವೇ. ಆದರೆ ಸರಾಸರಿ ಲೆಕ್ಕ ಯಾವ ಮನೆಯ ಬಿಲ್ಲನ್ನೂ ತೀರಿಸುವುದಿಲ್ಲ.

ನಮ್ಮ ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಜಾರಿಯಲ್ಲಿದೆ. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭವಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ನಿಯಮ ನಮ್ಮಲ್ಲಿ ಅನೇಕರಿಗೆ ತಿಳಿಯುವುದು ಆಸ್ಪತ್ರೆಯ ಕೌಂಟರಿನ ಮುಂದೆ, ಕಾಲ ಮೀರಿದ ಮೇಲೆ.

‘ಅದು ಬಡವರಿಗೆ, ನಮಗಲ್ಲ’ ಎಂಬ ಸಂಕೋಚವೂ ಕೆಲವರಲ್ಲಿದೆ. ದಾನವನ್ನೂ ನ್ಯಾಯವನ್ನೂ ನಾವು ಬೇರೆಬೇರೆಯಾಗಿ ಕಾಣಬೇಕು. ದಾನ ಕೊಡುವವನ ಮನಸ್ಸಿಗೆ ಸೇರಿದ್ದು. ನ್ಯಾಯ ಪಡೆಯುವವನ ಹಕ್ಕಿಗೆ ಸೇರಿದ್ದು. ನಾವೆಲ್ಲರೂ ತೆತ್ತ ತೆರಿಗೆಯಿಂದ ನಡೆಯುವ ಯೋಜನೆ ಭಿಕ್ಷೆಯಲ್ಲ. ಸುಳ್ಳು ಹೇಳಿ ಅದನ್ನು ಪಡೆಯುವುದು ಹೇಗೆ ತಪ್ಪೋ, ಅರ್ಹತೆಯಿದ್ದೂ ಅಂಜಿ ದೂರವುಳಿದು ಮಕ್ಕಳ ತಲೆಯ ಮೇಲೆ ಸಾಲ ಹೊರಿಸುವುದೂ ಹಾಗೆಯೇ ಅವಿವೇಕ.

ಶಕ್ತರಾದವರು ಖಾಸಗಿ ವಿಮೆಯ ಕುರಿತು ಯೋಚಿಸಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಇಲ್ಲವಾಗಿದೆ. ಆದರೆ ಮೊದಲೇ ಇದ್ದ ಕಾಯಿಲೆಗೆ ಪರಿಹಾರ ಸಿಗಲು 3 ವರ್ಷಗಳವರೆಗೆ ಕಾಯಬೇಕಾಗಬಹುದು; ಅದನ್ನು ಮುಚ್ಚಿಟ್ಟರೆ ಪರಿಹಾರವೇ ತಪ್ಪೀತು. ಆದುದರಿಂದ ವಿಮೆ ಆರೋಗ್ಯವಂತರಾಗಿದ್ದಾಗಲೇ ಮಾಡಿಸಬೇಕಾದ ಕೆಲಸ.

ಸಂತ ವಿನ್ಸೆಂಟ್ ಡಿ ಪೌಲ್ ಸಭೆಯಂಥ ಸಂಘಗಳ ನೆರವು ಅಮೂಲ್ಯ. ಆದರೆ ಲಕ್ಷಗಟ್ಟಲೆ ಬಿಲ್ಲನ್ನು ಅವು ಹೊರಲಾರವು. ಪ್ರತಿ ವಾರ್ಡಿನಲ್ಲೂ ವಿದ್ಯಾವಂತ ಯುವಜನರಿಬ್ಬರು ಮನೆಮನೆಗೆ ಹೋಗಿ, ಯಾರಿಗೆ ಕಾರ್ಡು ಆಗಿಲ್ಲವೆಂದು ವಿಚಾರಿಸಿ, ಹಿರಿಯರ ಅರ್ಜಿ ತುಂಬಿಸಿಕೊಡಲಿ. ಖರ್ಚಿಲ್ಲದ ಈ ಸೇವೆಯಿಂದ ಎಷ್ಟೋ ಮನೆಗಳ ಚಿನ್ನ ಅಡವು ಬೀಳದೆ ಉಳಿದೀತು. ಈ ಕೆಲಸವನ್ನು ಮುಂದಿನ ಭಾನುವಾರವೇ ಆರಂಭಿಸೋಣ.