ಬೆಂಕಿ ಬಿದ್ದಾಗ ಇಂಗ್ಲಿಷಿನಲ್ಲಿ ಕೂಗಿದರೆ ಯಾರು ಓಡಬೇಕು?



ಅಂಗಡಿ ಬೋರ್ಡಿಗಾಗಿ ನಾವು ಬೀದಿಗಿಳಿದೆವು. 2024ರಲ್ಲಿ ತಿದ್ದುಪಡಿ ಕಾಯ್ದೆ ಬಂತು, ಬೋರ್ಡಿನ ಶೇ. 60 ಭಾಗ ಕನ್ನಡಕ್ಕೆ ಸಿಕ್ಕಿತು. ಸಂತೋಷ. ಆದರೆ ಒಂದು ಮಾತು ಕೇಳುತ್ತೇನೆ. ಕಟ್ಟಡಕ್ಕೆ ಬೆಂಕಿ ಬಿದ್ದು, ಕರೆಂಟು ಹೋಗಿ, ಹೊಗೆ ತುಂಬಿದಾಗ ಆ ಬೋರ್ಡು ಯಾರ ಕಣ್ಣಿಗೆ ಕಾಣುತ್ತದೆ? ಆಗ ಮನುಷ್ಯನಿಗೆ ಉಳಿಯುವುದು ಕಿವಿ ಒಂದೇ. ಆ ಕಿವಿಗೆ ಯಾವ ಭಾಷೆ ಬೀಳುತ್ತದೆ?

ರಾಯಚೂರಿನಲ್ಲೂ ಆಸ್ಪತ್ರೆ, ಲಾಡ್ಜು, ಬಟ್ಟೆ ಅಂಗಡಿಗಳು ಮಹಡಿ ಮೇಲೆ ಮಹಡಿ ಏರುತ್ತಿವೆ. ಇಂಥ ಕಟ್ಟಡಗಳಿಗೆಂದೇ ಮಾತಾಡುವ ಅಲಾರಂ ಬಂದಿದೆ. ಹೊಗೆ ಸುಳಿದರೆ ಯಂತ್ರ ಹಿಡಿಯುತ್ತದೆ, ಮೊದಲೇ ತುಂಬಿಸಿಟ್ಟ ಧ್ವನಿ ಮಹಡಿ ಮಹಡಿಯ ಮೈಕಿನಲ್ಲಿ ಮೊಳಗುತ್ತದೆ. ಬರೀ ಗಂಟೆ ಹೊಡೆದರೆ ಜನ ಏಳುವುದಿಲ್ಲ, 'ಏನೋ ಟೆಸ್ಟಿಂಗ್ ಇರಬೇಕು' ಎಂದು ಕೂತೇ ಇರುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ನೆಲದಡಿಯ ರೈಲು ನಿಲ್ದಾಣದಲ್ಲಿ ನಡೆಸಿದ ಪರೀಕ್ಷೆಯ ವರದಿ 1991ರಲ್ಲೇ ಇದನ್ನು ಹೇಳಿತು: ಗಂಟೆಗೆ ಕದಲದ ಜನ, ಎಲ್ಲಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳಿದಾಗ ಬೇಗ ಹೊರಟರು. ಅಂದರೆ ಜೀವ ಉಳಿಸುವುದು ಸದ್ದಲ್ಲ, ಅರ್ಥವಾಗುವ ಮಾತು!

ಈಚೆಗೆ ಒಂದು ಖಾಸಗಿ ಆಸ್ಪತ್ರೆಯವರು ನನ್ನ ಪ್ರೆಸ್ಸಿಗೆ ಬೆಂಕಿ ಸೂಚನೆಯ ಸ್ಟಿಕ್ಕರ್ ಮಾಡಿಸಲು ಬಂದರು. ಮ್ಯಾಟರ್ ಪೂರಾ ಇಂಗ್ಲಿಷ್. "ಕನ್ನಡ ಹಾಕಲೇನ್ರಿ?" ಅಂದೆ. "ಬ್ಯಾಡ್ರಿ, ಮೈಕಿನ್ಯಾಗೂ ಇಂಗ್ಲಿಷೇ ಐತಿ, ಕಂಪನಿಯವ್ರು ಹಂಗs ತುಂಬಿ ಕೊಟ್ಟಾರ" ಅಂದರು. ಕನ್ನಡದ ಸಾಲನ್ನು ನಾನೇ ಪುಕ್ಕಟೆ ಕಂಪೋಸ್ ಮಾಡಿ ಸೇರಿಸಿಕೊಟ್ಟೆ. ಆದರೆ ಮೈಕಿನೊಳಗೆ ಪ್ರೆಸ್ಸಿನ ಮಸಿ ಹೋಗುವುದಿಲ್ಲವಲ್ಲ!

ಅಲ್ಲಿ ಮಲಗಿರುವವರು ಯಾರು? ದೇವದುರ್ಗದ ಹಳ್ಳಿಯಿಂದ ಹೆರಿಗೆಗೆ ಬಂದ ಹೆಣ್ಣುಮಗಳು. ಮಾನ್ವಿಯಿಂದ ಬಂದ ರೈತ. ಅವನ ಕಾಲ ಬಳಿ ಕೂತ ಮುದಿ ತಾಯಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 60 ಸಹ ಮುಟ್ಟಲಿಲ್ಲ. ಕನ್ನಡ ಅಕ್ಷರವನ್ನೇ ಓದಲಾಗದ ತಾಯಿಗೆ ಇಂಗ್ಲಿಷಿನಲ್ಲಿ 'ಮೆಟ್ಟಿಲಿಂದ ಇಳಿಯಿರಿ' ಎಂದರೆ ಅವಳು ಲಿಫ್ಟಿನ ಬಾಗಿಲಿಗೇ ಹೋಗಿ ನಿಲ್ಲುತ್ತಾಳೆ. ಗಾಬರಿಯಲ್ಲಿ ಏನಾಗುತ್ತದೆಂದು ನೋಡಿದ್ದೇವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆಗೆ ಹೆದರಿ ಮೇಲಿನಿಂದ ಜಿಗಿದವರೂ ಅವರಲ್ಲಿದ್ದರು. ಅಲ್ಲಿ ಭಾಷೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಹೊಗೆಯಲ್ಲಿ ದಾರಿ ತಪ್ಪಿದವನಿಗೆ ಎರಡನೇ ಅವಕಾಶವಿಲ್ಲ ಎನ್ನುತ್ತಿದ್ದೇನೆ.

ಇದು ಕನ್ನಡದವರ ಹಠ ಎಂದು ಮೂಗು ಮುರಿಯುವವರು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗವನ್ನು ತೆರೆದು ನೋಡಲಿ. ಇಂಥ ಧ್ವನಿ ಹಿಂದಿ, ಇಂಗ್ಲಿಷ್ ಜತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ದಿಲ್ಲಿಯ ಪುಸ್ತಕವೇ ಹೇಳುತ್ತದೆ. ಪುಸ್ತಕದಲ್ಲಿರುವ ಕನ್ನಡ ಮೈಕಿಗೆ ಬರುವಷ್ಟರಲ್ಲಿ ಎಲ್ಲಿ ಮಾಯವಾಯಿತು?

"ರಾಯಚೂರಿನಲ್ಲಿ ತೆಲುಗರಿದ್ದಾರೆ, ಉರ್ದು ಮಾತಾಡುವವರಿದ್ದಾರೆ, ಎಲ್ಲರಿಗೂ ಸೇರಿ ಇಂಗ್ಲಿಷ್" ಎನ್ನುವ ಜಾಣರಿದ್ದಾರೆ. ಯಾವ ತೆಲುಗು ಕೂಲಿಗೆ, ಯಾವ ಉರ್ದು ಹಮಾಲನಿಗೆ ನಿಮ್ಮ ಇಂಗ್ಲಿಷ್ ತಿಳಿಯುತ್ತದೆ ಸ್ವಾಮಿ? ಮೊದಲು ಕನ್ನಡ ಕೂಗಲಿ, ಬೆನ್ನಿಗೇ ತೆಲುಗು, ಉರ್ದುವೂ ಕೂಗಲಿ. ನಮಗೆ ಬೇಕಾದುದು ಜೀವ. ಆ ಕನ್ನಡವೂ ಪುಸ್ತಕದ ಕನ್ನಡವಾಗಬಾರದು. 'ಕಟ್ಟಡವನ್ನು ತೆರವುಗೊಳಿಸತಕ್ಕದ್ದು' ಎಂದರೆ ಯಾರು ಏಳುತ್ತಾರೆ? 'ಬೆಂಕಿ ಬಿದ್ದೈತಿ, ಲಿಫ್ಟ್ ಹತ್ತಬ್ಯಾಡ್ರಿ, ಮೆಟ್ಲಾ ಇಳಿದು ಹೊರಗ ಬರ್ರಿ' ಅನ್ನಿ, ಸಾಕು!

ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟು ಕೃಷ್ಣೆ ಉಕ್ಕಿದಾಗ ದೇವದುರ್ಗದ ನದಿದಂಡೆಯಲ್ಲಿ ಡಂಗುರ ಹೊಡೆದು ಸಾರುತ್ತಾರೆ. ಅದು ಹೊಳೆದಂಡೆಯ ಜನರ ಮಾತಿನಲ್ಲೇ ಇರುತ್ತದೆ. ಡಂಗುರ ಸಾರುವವನಿಗೆ ಇರುವ ಬುದ್ಧಿ ಲಕ್ಷಾಂತರ ರೂಪಾಯಿಯ ಯಂತ್ರ ಮಾರುವವನಿಗೆ ಬೇಡವೇ?

ಆದ್ದರಿಂದ ನಮ್ಮ ಒತ್ತಾಯ:

1. ಅಗ್ನಿಶಾಮಕ ಇಲಾಖೆಯವರು ಕನ್ನಡದ ಧ್ವನಿಯನ್ನು ತಮ್ಮ ಕಿವಿಯಿಂದ ಕೇಳಿದ ಮೇಲೆಯೇ ಇಂಥ ಕಟ್ಟಡಕ್ಕೆ ಎನ್‌ಒಸಿ ಕೊಡಲಿ.

2. ಜಿಲ್ಲಾಡಳಿತವು ರಾಯಚೂರು, ದೇವದುರ್ಗ, ಮಾನ್ವಿಯ ಆಸ್ಪತ್ರೆ, ಲಾಡ್ಜು, ಚಿತ್ರಮಂದಿರಗಳಲ್ಲಿ ಎಲ್ಲಿ ಯಾವ ಭಾಷೆಯ ಅಲಾರಂ ಇದೆ, ಎಲ್ಲಿ ಅಲಾರಮ್ಮೇ ಇಲ್ಲ ಎಂಬ ಪಟ್ಟಿ ಹೊರಡಿಸಲಿ.

3. ವರ್ಷಕ್ಕೆ ಎರಡು ಸಲ ಜನರ ಮುಂದೆಯೇ ಅಣಕು ತಾಲೀಮು ನಡೆಸಲಿ.

ಕಾರ್ಯಕರ್ತರೇ, ಬೋರ್ಡು ನೋಡಲು ಹೋದಾಗ ಇನ್ನು ಮುಂದೆ ಒಳಗೂ ಹೋಗಿ. "ನಿಮ್ಮ ಮೈಕು ಯಾವ ಭಾಷಿ ಮಾತಾಡ್ತೈತ್ರಿ?" ಎಂದು ಕೇಳಿ. ಗಲಾಟೆ ಬೇಡ, ಕಲ್ಲು ಬೇಡ. ಉತ್ತರ ಬರೆದುಕೊಂಡು ಬನ್ನಿ. ಅರ್ಜಿ ನಾನು ಅಚ್ಚು ಹಾಕಿಕೊಡುತ್ತೇನೆ, ಒಂದು ಪೈಸೆ ಬೇಡ.

ಸಿರಿಗನ್ನಡಂ ಗೆಲ್ಗೆ!