ಮುಗಿಯದ ಮನೆಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ಹಿರಿಯರು. ಮಕ್ಕಳೇ, ಈ ವಾರ ನಿಮಗೆ ಕಟ್ಟಲು ಹೊರಟು ಅರ್ಧಕ್ಕೇ ನಿಂತುಹೋದ ಒಂದು ಮನೆಯ ಕಥೆ.

ಅಮೆರಿಕದ ದಕ್ಷಿಣ ಭಾಗದಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲೆ ನ್ಯಾಚೆಜ್ ಎಂಬ ಸಣ್ಣ ಊರಿದೆ. ಅಲ್ಲಿರುವ ಲಾಂಗ್‌ವುಡ್ ಎಂಬ ಮನೆಗೆ ನಾಲ್ಕಲ್ಲ, ಎಂಟು ಮುಖ. ನೆತ್ತಿಯ ಮೇಲೆ ಈರುಳ್ಳಿಯಾಕಾರದ ಗುಮ್ಮಟ. ಮಧ್ಯದಲ್ಲಿ ಕೆಳಗಿನಿಂದ ಗುಮ್ಮಟದವರೆಗೆ ಬಾವಿಯಂತೆ ತೆರೆದ ಜಾಗ. ಬಿಸಿಗಾಳಿ ಮೇಲೇರಿ ಹೊರಹೋಗಿ ಮನೆ ತಂಪಾಗಿರಲಿ ಎಂದು ಈ ಉಪಾಯ.

ಕಟ್ಟಿಸಿದವನು ಹತ್ತಿ ಬೆಳೆದು ಸಿರಿವಂತನಾದ ಹ್ಯಾಲರ್ ನಟ್. ನಕ್ಷೆ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್‌ನದು. 1860ರಲ್ಲಿ ಕೆಲಸ ಶುರುವಾಯಿತು. 1861ರಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿಕೊಂಡಿತು. ಉತ್ತರದಿಂದ ಬಂದಿದ್ದ ಕುಶಲ ಕೆಲಸಗಾರರು ಕೈಲಿದ್ದ ಹತ್ಯಾರು ಕೆಳಗಿಟ್ಟು ಊರಿಗೆ ಹೊರಟರು. 32 ಕೋಣೆಗಳಲ್ಲಿ ಮುಗಿದದ್ದು ನೆಲಮಾಳಿಗೆಯ 9 ಮಾತ್ರ. ಕಳೆಯುವ ಲೆಕ್ಕ ಮಾಡಿ ನೋಡಿ: ಬಾಕಿ ಎಷ್ಟು?

ನಟ್ 1864ರಲ್ಲಿ ತೀರಿಕೊಂಡ. ಹೆಂಡತಿ ಜೂಲಿಯಾ ಮಕ್ಕಳೊಂದಿಗೆ ಆ ನೆಲಮಾಳಿಗೆಯಲ್ಲೇ ಬಾಳು ಸಾಗಿಸಿದಳು. 1897ರಲ್ಲಿ ಆಕೆಯೂ ಹೋದಳು. ಮೇಲಿನ ಅಂತಸ್ತುಗಳು ಇಂದಿಗೂ ಹಾಗೇ ಇವೆ.

ಮಗಳ ಮನೆಗೆ ಹೋಗಿದ್ದಾಗ ನಾನು ಅದನ್ನು ನೋಡಿದೆ. ಕೆಳಗೆ ಅಚ್ಚುಕಟ್ಟಾದ ಸಂಸಾರದ ಕೋಣೆಗಳು. ಮೆಟ್ಟಿಲೇರಿದರೆ ಗಾರೆ ಕಾಣದ ಗೋಡೆ, ಬರೀ ತೊಲೆ, ಅಂದಿನವರು ಬಿಟ್ಟುಹೋದ ಪೆಟ್ಟಿಗೆ, ಹತ್ಯಾರು. "ಅಯ್ಯೋ ಪಾಪ, ಎಂಥ ಮನೆ ನಿಂತುಹೋಯಿತು!" ಎಂದಳು ನನ್ನ ಪಕ್ಕದಲ್ಲಿದ್ದ ಮಗಳು. ನನಗೂ ಹಾಗೇ ಅನ್ನಿಸಿತು.

ಆದರೆ ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಒಂದೇ ಕಡೆ ಬರೆದರೆ ಲೆಕ್ಕ ಮುಗಿಯುವುದಿಲ್ಲ, ಜಮಾ ಖರ್ಚು ಎರಡೂ ಬೇಕು. ಆ ಇಟ್ಟಿಗೆಗಳನ್ನು ಮಾಡಿ ಸುಟ್ಟವರು ಆಫ್ರಿಕಾ ಮೂಲದ ಗುಲಾಮರು. ನಟ್‌ನ ಹೊಲಗಳಲ್ಲಿ ಅಂಥವರು ಸುಮಾರು 800 ಜನ. ಕೂಲಿಯಿಲ್ಲ, ಬಿಟ್ಟುಹೋಗುವಂತಿಲ್ಲ. ದನಕರುಗಳಂತೆ ಅವರನ್ನು ಮಾರುತ್ತಿದ್ದ ಕಾಲ ಅದು. ಉತ್ತರದವರು ಹೊರಟುಹೋದ ಮೇಲೆ ನೆಲಮಾಳಿಗೆಯನ್ನು ಮುಗಿಸಿಕೊಡಲು ದುಡಿದವರಲ್ಲೂ ಅವರಿದ್ದರು. ಮನೆಯನ್ನು ನಿಲ್ಲಿಸಿದ ಅದೇ ಯುದ್ಧ ಅವರ ಸಂಕೋಲೆಯನ್ನು ಕಳಚಿತು. 1865ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ಅಮೆರಿಕದಲ್ಲಿ ಗುಲಾಮಗಿರಿಯೇ ರದ್ದಾಯಿತು. ಒಂದು ಕುಟುಂಬದ ನಷ್ಟದ ಪುಟದಲ್ಲಿ ಬರೆದದ್ದು, ಎದುರು ಪುಟದಲ್ಲಿ ನೂರಾರು ಕುಟುಂಬಗಳ ಬಿಡುಗಡೆ.

ಮನೆ ಮುಗಿದಿದ್ದರೆ ಗಾರೆ, ಬಣ್ಣ ಬಳಿದು ಆ ಇಟ್ಟಿಗೆಗಳು ಮುಚ್ಚಿಹೋಗುತ್ತಿದ್ದವು. ಈಗ ಒಂದೊಂದೂ ಕಣ್ಣಿಗೆ ಕಾಣುತ್ತದೆ.

ಮಕ್ಕಳೇ, ನಿಮ್ಮ ಮನೆ ಕಟ್ಟಿದ ಗಾರೆಯವರು, ಬಡಗಿಗಳು ಯಾರೆಂದು ಅಜ್ಜ ಅಜ್ಜಿಯನ್ನು ಕೇಳಿ. ಹೆಸರು ನೆನಪಿದ್ದರೆ ಒಂದು ಹಾಳೆಯಲ್ಲಿ ಬರೆದು ಮನೆಪತ್ರದ ಜೊತೆ ಇಡಿ. ಅಜ್ಜಂದಿರೇ, ನೆನಪು ಮಾಸುವ ಮುನ್ನ ಹೇಳಿಬಿಡಿ.